ಮೂರು ರಾಜ್ಯಗಳ ಸೆನೆಟರ್ ಜೇಮ್ಸ್ ಶೀಲ್ಡ್ಸ್: ಅವಕಾಶವಾದಿಯೋ, ವಲಸೆಗಾರರ ನಾಯಕನೋ?

ಶರಾವತಿ ಹೊಳೆ:
ಎಲ್ಲರಿಗೂ ನಮಸ್ಕಾರ. ನಾವಿರೋದು ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಈ ಊರಲ್ಲಿ ಎತ್ತ ತಿರುಗಿದರೂ ಲಿಂಕನ್. ಹೋದ ತಿಂಗಳು ಮಕ್ಕಳ ಜೊತೆ ವಾಷಿಂಗ್ಟನ್‌ಗೆ ಹೋಗಿದ್ವಿ. ಕ್ಯಾಪಿಟಲ್ ಕಟ್ಟಡದಲ್ಲಿ ಒಂದೊಂದು ರಾಜ್ಯವೂ ತನ್ನ ಹೆಮ್ಮೆಯ ಇಬ್ಬರ ಪ್ರತಿಮೆ ಕೊಟ್ಟಿದೆ. ಇಲಿನಾಯ್ ಕೊಟ್ಟದ್ದು ಲಿಂಕನ್‌ದೇ ಇರುತ್ತೆ ಅಂತ ಮಗಳು ಹುಡುಕಿದ್ದೇ ಹುಡುಕಿದ್ದು. ಇಲ್ಲ! ಒಂದು ಫ್ರಾನ್ಸಿಸ್ ವಿಲ್ಲಾರ್ಡ್ ಅವರದು, ಇನ್ನೊಂದು ಜೇಮ್ಸ್ ಶೀಲ್ಡ್ಸ್ ಅನ್ನೋ ಐರಿಷ್ ವಕೀಲನದು.

ಮನೆಗೆ ಬಂದು ಓದಿದೆ. 1806ರಲ್ಲಿ ಐರ್ಲೆಂಡಿನ ಟೈರೋನ್ ಕೌಂಟಿಯಲ್ಲಿ ಹುಟ್ಟಿದವನು. ಇಪ್ಪತ್ತರ ಆಸುಪಾಸಿನಲ್ಲಿ ಹಡಗು ಹತ್ತಿ ಬಂದು, ಇಲಿನಾಯ್‌ನ ಕಸ್ಕಾಸ್ಕಿಯಾ ಊರಲ್ಲಿ ಪಾಠ ಹೇಳಿಕೊಂಡೇ ಕಾನೂನು ಓದಿ 1832ರಲ್ಲಿ ವಕೀಲನಾದ. 1836ರಲ್ಲಿ ಶಾಸಕ. ಆಮೇಲೆ ರಾಜ್ಯದ ಆಡಿಟರ್, ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಕೇಂದ್ರದ ಭೂ ಕಚೇರಿಯ ಕಮಿಷನರ್, ಮೆಕ್ಸಿಕೋ ಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್. ಇಷ್ಟಾದ ಮೇಲೆ ಸೆನೆಟ್. ಅದೂ ಇಲಿನಾಯ್, ಮಿನೆಸೋಟಾ, ಮಿಸೌರಿ ಅಂತ ಮೂರು ಬೇರೆ ಬೇರೆ ರಾಜ್ಯಗಳಿಂದ. ಇಂದಿಗೂ ಆ ದಾಖಲೆ ಈತನೊಬ್ಬನದೇ.

ನನ್ನ ಪ್ರಶ್ನೆ ಇಷ್ಟೇ. ಒಂದು ಕಡೆ ಸೋತ ತಕ್ಷಣ ಇನ್ನೊಂದು ರಾಜ್ಯಕ್ಕೆ ಹೋಗಿ ಕುರ್ಚಿ ಹಿಡಿಯೋದು ಅವಕಾಶವಾದ ಅಲ್ವಾ? ಅಥವಾ ಹೋದಲ್ಲೆಲ್ಲ ಜನ ಕರೆದು ಕೂರಿಸಿದರು ಅಂದರೆ ಅದಕ್ಕೆ ಬೇರೆ ಕಾರಣ ಇರಬೇಕಾ? ಕಳೆದ ವರ್ಷ ನನಗೂ ಇಲ್ಲಿಯ ಪೌರತ್ವ ಬಂತು. ಹಾಗಾಗಿ ಈ ಮನುಷ್ಯನ ಕತೆ ಸುಮ್ಮನೆ ಓದಿ ಬಿಡೋಕೆ ಆಗ್ತಿಲ್ಲ.

ಧಾರವಾಡ ಫೇಡೆ:
ಅವಕಾಶವಾದಿ ಅಲ್ದ ಮತ್ತೇನ್ರೀ ಅಕ್ಕಾರ? 1855ರಾಗ ಇಲಿನಾಯ್‌ದಾಗ ಸೋತ, ಅದೇ ವರ್ಷ ಮಿನೆಸೋಟಾಕ್ಕ ಗಂಟುಮೂಟಿ ಕಟ್ಟಿದ. ಅಲ್ಲಿ ಅವಧಿ ಮುಗೀತು, ಕ್ಯಾಲಿಫೋರ್ನಿಯಾ. ಅಲ್ಲಿಂದ ಮೆಕ್ಸಿಕೋದಾಗ ಗಣಿ. ಕಡೀಕ ಮಿಸೌರಿ. ಒಂದು ಊರಾಗ ನಿಂತು ಜನರ ಕೆಲಸ ಮಾಡೋ ಮನಷ್ಯಾ ಹಿಂಗ ತಿರಗ್ತಾನೇನು?

ಹಳೇ ಸಂತೆ:
ಒಂದು ವಿಷಯ ಮೊದಲು ಸ್ಪಷ್ಟವಾಗಲಿ. ಆಗ ಸೆನೆಟರ್‌ಗಳಿಗೆ ಜನ ನೇರ ಮತ ಹಾಕುತ್ತಿರಲಿಲ್ಲ. ನಮ್ಮ ರಾಜ್ಯಸಭೆಗೆ ಶಾಸಕರು ಮತ ಹಾಕುವ ಹಾಗೆ ಅಲ್ಲಿಯೂ ರಾಜ್ಯದ ಶಾಸನಸಭೆಯೇ ಆರಿಸುತ್ತಿತ್ತು. 1913ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ಬಂದ ಮೇಲೆ ನೇರ ಚುನಾವಣೆ. ಆದ್ದರಿಂದ "ಜನ ಕರೆದು ಕೂರಿಸಿದರು" ಎನ್ನುವುದೂ ಪೂರ್ತಿ ಸರಿಯಲ್ಲ, "ಜನರಿಗೆ ಮೋಸ ಮಾಡಿದ" ಎನ್ನುವುದೂ ಸರಿಯಲ್ಲ. ಪಕ್ಷದ ಶಾಸಕರು ಲೆಕ್ಕ ಹಾಕಿ ಆರಿಸಿದರು. ಶೀಲ್ಡ್ಸ್ ಡೆಮಾಕ್ರಟಿಕ್ ಪಕ್ಷದವನು. ಆ ಪಕ್ಷಕ್ಕೆ ಐರಿಷ್ ವಲಸೆಗಾರರ ಮತ ಬೇಕಿತ್ತು, ಈತ ಐರಿಷ್, ಕ್ಯಾಥೊಲಿಕ್, ಮೇಲಾಗಿ ಯುದ್ಧದಲ್ಲಿ ಗಾಯಗೊಂಡು ಬಂದ ವೀರ.

ಕುಡ್ಲದ ಕಡಲು:
ರಾಜ್ಯಸಭೆ ಅಂದಾಗ ಒಂದು ನೆನಪಾಯ್ತು ಮಾರಾಯ್ರೆ. ನಮ್ಮಲ್ಲಿ ಮೊದಲು ಯಾವ ರಾಜ್ಯದಿಂದ ಆರಿಸಿ ಬರ್ತಾರೋ ಅಲ್ಲಿಯ ಮತದಾರ ಆಗಿರಬೇಕಿತ್ತು. 2003ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು, 2006ರಲ್ಲಿ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಯಾರು ಯಾವ ರಾಜ್ಯದಿಂದ ಬೇಕಾದರೂ ಹೋಗಬಹುದು. ಅಮೆರಿಕದಲ್ಲಿ ಹಾಗಿಲ್ಲ. ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದ ನಿವಾಸಿ ಆಗಿರ್ಲೇಬೇಕು, ವಯಸ್ಸು 30 ಆಗಿರಬೇಕು, ಪೌರತ್ವ ಸಿಕ್ಕಿ 9 ವರ್ಷ ಕಳೆದಿರಬೇಕು. ಶೀಲ್ಡ್ಸ್ ಆ ಮೂರು ರಾಜ್ಯಗಳಲ್ಲೂ ಮನೆ ಮಾಡಿ ನಿಜವಾಗಿ ಬದುಕಿದವನು. ವಿಳಾಸ ಮಾತ್ರ ತೋರಿಸಿ ಬಂದವನಲ್ಲ.

ಧಾರವಾಡ ಫೇಡೆ:
ನಮ್ಮ ರಾಜ್ಯಸಭಾಕ್ಕ ಹೊರಗಿನವ್ರನ್ನ ಕಳಿಸೋದು ತಪ್ಪು ಅಂತ ನಾ ಮೊದಲಿಂದ ಹೇಳ್ಕೋತ ಬಂದೀನಿ. ವೆಂಕಯ್ಯ ನಾಯ್ಡು ಅವ್ರನ್ನ ಮೂರು ಸಲ ಕರ್ನಾಟಕದಿಂದ ಕಳಿಸಿದಾಗ…

ಕಾಫಿ ತೋಟ:
ದಯವಿಟ್ಟು ಆ ಚರ್ಚೆ ಇಲ್ಲಿ ಬೇಡ. ಅದು ಶುರುವಾದರೆ ನೂರು ಉತ್ತರ ಬಂದರೂ ಮುಗಿಯಲ್ಲ, ಶರಾವತಿ ಅವರ ಪ್ರಶ್ನೆ ಅಲ್ಲೇ ಉಳಿಯುತ್ತೆ.

ಬೆಲ್‌ಫಾಸ್ಟ್ ಭಟ್ಟ:
ಚಿಕ್ಕ ತಿದ್ದುಪಡಿ. ಟೈರೋನ್ ಈಗ ಐರ್ಲೆಂಡ್ ಗಣರಾಜ್ಯದಲ್ಲಿಲ್ಲ, ಉತ್ತರ ಐರ್ಲೆಂಡಿನಲ್ಲಿದೆ. ಶೀಲ್ಡ್ಸ್ ಹುಟ್ಟಿದ ಆಲ್ಟ್‌ಮೋರ್ ಹಳ್ಳಿ ನಾವಿರುವ ಕಡೆಯಿಂದ ಕಾರಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರುವಷ್ಟು ಹತ್ತಿರ. ಆತ ಹುಟ್ಟುವ ಐದೇ ವರ್ಷ ಹಿಂದೆ, 1801ರಲ್ಲಿ, ಐರ್ಲೆಂಡ್ ಬ್ರಿಟನ್ ಜೊತೆ ವಿಲೀನವಾಗಿತ್ತು. ಕ್ಯಾಥೊಲಿಕರು ಬ್ರಿಟನ್ನಿನ ಸಂಸತ್ತಿನಲ್ಲಿ ಕೂರುವ ಹಾಗಾಗಿದ್ದು 1829ರ ಕಾಯ್ದೆಯ ನಂತರ. ಅಂದರೆ ಈ ಹುಡುಗ ಊರು ಬಿಟ್ಟಾಗ ಅವನ ಧರ್ಮದವನಿಗೆ ಹುಟ್ಟೂರಿನಿಂದ ಸಂಸದನಾಗುವ ದಾರಿಯೇ ಇರಲಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ ಬದುಕು ನೋಡಿ.

ಶರಾವತಿ ಹೊಳೆ:
ಭಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಧನ್ಯವಾದ.

ಅರ್ಧ ಮಾತು:
ಲಿಂಕನ್ ಜೊತೆ ಕತ್ತಿ ಹಿಡಿದು ಹೊಡೆದಾಡಿದವನು ಇವನೇ ತಾನೆ?

ಹಳೇ ಸಂತೆ:
ಹೊಡೆದಾಡಲಿಲ್ಲ, ಹೊಡೆದಾಡಲು ಹೋದರು. ಈ ಪ್ರಸಂಗವನ್ನು ಎಲ್ಲರೂ ಅರ್ಧ ಹೇಳಿ ಬಿಡುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1842ರ ಫೆಬ್ರವರಿಯಲ್ಲಿ ಇಲಿನಾಯ್‌ನ ಸ್ಟೇಟ್ ಬ್ಯಾಂಕ್ ಮುಳುಗಿತು. ರೈತರ ಕೈಯಲ್ಲಿದ್ದದ್ದು ಆ ಬ್ಯಾಂಕಿನ ನೋಟುಗಳೇ. ರಾಜ್ಯದ ಅಧಿಕಾರಿಗಳು ತೆರಿಗೆಯನ್ನು ಚಿನ್ನ-ಬೆಳ್ಳಿ ನಾಣ್ಯದಲ್ಲೇ ಕಟ್ಟಬೇಕು, ಈ ನೋಟು ನಡೆಯುವುದಿಲ್ಲ ಎಂದರು. ಆ ಹೊತ್ತಿಗೆ ಶೀಲ್ಡ್ಸ್ ರಾಜ್ಯದ ಆಡಿಟರ್, ಆಜ್ಞೆಯ ಕೆಳಗೆ ಅವನ ಹೆಸರು. ಲಿಂಕನ್ ವಿರೋಧಿ ವಿಗ್ ಪಕ್ಷದವನು. ಸ್ಪ್ರಿಂಗ್‌ಫೀಲ್ಡ್‌ನ ಸ್ಯಾಂಗಮೊ ಜರ್ನಲ್ ಪತ್ರಿಕೆಯಲ್ಲಿ "ರೆಬೆಕಾ" ಎಂಬ ಹಳ್ಳಿ ಹೆಂಗಸಿನ ಹೆಸರಿನಲ್ಲಿ ಪತ್ರ ಬರೆದು ಆ ನೀತಿಯನ್ನು ಹೀಗಳೆದ. ಅಲ್ಲಿಗೆ ನಿಲ್ಲಿಸಲಿಲ್ಲ, ಮದುವೆಯಾಗದ ಶೀಲ್ಡ್ಸ್ ಹೆಂಗಸರ ನಡುವೆ ಒಯ್ಯಾರ ಮಾಡುವುದನ್ನೂ ಗೇಲಿ ಮಾಡಿದ. ಅದರ ಬೆನ್ನಿಗೇ ಮೇರಿ ಟಾಡ್ ಮತ್ತು ಅವಳ ಗೆಳತಿ ಜೂಲಿಯಾ ಜೇನ್ ಸೇರಿ ಇನ್ನೊಂದು ಪತ್ರ ಬರೆದರು.

ಶೀಲ್ಡ್ಸ್ ಸಂಪಾದಕನ ಬಳಿ ಹೋಗಿ ಬರೆದವರ ಹೆಸರು ಕೇಳಿದ. ಲಿಂಕನ್ ಹೊಣೆ ಹೊತ್ತ. ಶೀಲ್ಡ್ಸ್ ದ್ವಂದ್ವಕ್ಕೆ ಕರೆದ. ಕರೆಸಿಕೊಂಡವನಿಗೆ ಆಯುಧ ಆರಿಸುವ ಹಕ್ಕು. ಲಿಂಕನ್ ಪಿಸ್ತೂಲು ಬಿಟ್ಟು ಕುದುರೆ ಸವಾರರ ದೊಡ್ಡ ಕತ್ತಿ ಕೇಳಿದ. ನಡುವೆ ಒಂದು ಹಲಗೆ ನಿಲ್ಲಿಸಬೇಕು, ಅದನ್ನು ಯಾರೂ ದಾಟಬಾರದು ಎಂದು ಷರತ್ತು. ಲಿಂಕನ್ 6 ಅಡಿ 4 ಅಂಗುಲ, ಶೀಲ್ಡ್ಸ್ ಸುಮಾರು 5 ಅಡಿ 9. ತೋಳಿನ ಉದ್ದದ ಲೆಕ್ಕ ನೀವೇ ಹಾಕಿ. ಇಲಿನಾಯ್‌ನಲ್ಲಿ ದ್ವಂದ್ವ ಕಾನೂನಿಗೆ ವಿರುದ್ಧ. ಅದಕ್ಕೆ 1842ರ ಸೆಪ್ಟೆಂಬರ್ 22ರಂದು ಆಲ್ಟನ್ ಊರಿನಿಂದ ಮಿಸಿಸಿಪ್ಪಿ ನದಿಗೆ ಇಳಿದು ಮಿಸೌರಿ ಕಡೆಯ ನಡುಗಡ್ಡೆಗೆ ಹೋದರು. ಅಲ್ಲಿ ಜಾನ್ ಹಾರ್ಡಿನ್ ಮೊದಲಾದವರು ಮಧ್ಯೆ ಬಂದು, "ಪತ್ರ ಬರೆದದ್ದು ರಾಜಕೀಯಕ್ಕೆ, ನಿಮ್ಮ ಶೀಲಕ್ಕೆ ಕಳಂಕ ತರುವುದಕ್ಕಲ್ಲ" ಎಂಬ ಅರ್ಥದ ವಿವರಣೆ ಕೊಡಿಸಿ ರಾಜಿ ಮಾಡಿಸಿದರು. ಒಂದು ಗೀರೂ ಬೀಳಲಿಲ್ಲ.

ಧಾರವಾಡ ಫೇಡೆ:
ಲಿಂಕನ್ ಕತ್ತಿ ಬೀಸಿ ಮರದ ಟೊಂಗಿ ಕಡದ, ಅದನ್ನ ನೋಡಿ ಶೀಲ್ಡ್ಸ್ ಹೆದರಿ ರಾಜಿ ಆದ ಅಂತ ಓದಿದ್ದೆ.

ಹಳೇ ಸಂತೆ:
ಟೊಂಗೆಯ ಕತೆ ಹೇಳುತ್ತಾರೆ, ಆದರೆ ಶೀಲ್ಡ್ಸ್ ಹೆದರಿದ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಐದು ವರ್ಷದ ನಂತರ ಮೆಕ್ಸಿಕೋದ ಸೆರೊ ಗೋರ್ಡೊ ಕಾಳಗದಲ್ಲಿ ಈತನ ಎದೆ ಹೊಕ್ಕ ಗುಂಡು ಬೆನ್ನಿನಿಂದ ಹೊರಬಂತು. ಬದುಕಿದ. ಅದೇ ವರ್ಷ ಚಪುಲ್ಟೆಪೆಕ್ ಕೋಟೆಯ ದಾಳಿಯಲ್ಲಿ ಮತ್ತೆ ಗಾಯ. ಇಂಥವನು ಟೊಂಗೆ ನೋಡಿ ನಡುಗಿದ ಎಂದರೆ ನಂಬುವುದು ಹೇಗೆ?

ಕಾಫಿ ತೋಟ:
ಈ ದ್ವಂದ್ವದ ಬಾಲ ಇನ್ನೂ ಉದ್ದ ಇದೆ. ಪತ್ರ ಬರೆದ ಗೆಳತಿಯರಲ್ಲಿ ಮೇರಿ ಟಾಡ್ ಅದೇ ವರ್ಷ ನವೆಂಬರ್‌ನಲ್ಲಿ ಲಿಂಕನ್‌ನ ಮದುವೆಯಾದಳು. ಜೂಲಿಯಾ ಜೇನ್ ಮರುವರ್ಷ ಮದುವೆಯಾದದ್ದು ಲೈಮನ್ ಟ್ರಂಬುಲ್‌ನ. 1855ರಲ್ಲಿ ಶೀಲ್ಡ್ಸ್‌ನ ಸೆನೆಟ್ ಸ್ಥಾನ ಯಾರಿಗೆ ಹೋಯ್ತು ಗೊತ್ತಾ? ಅದೇ ಟ್ರಂಬುಲ್‌ಗೆ. ಅದನ್ನು ಕೊಡಿಸಿದ್ದು ಯಾರು? ಲಿಂಕನ್.

ಶರಾವತಿ ಹೊಳೆ:
ಅಯ್ಯೋ! ಇದನ್ನು ಬಿಡಿಸಿ ಹೇಳಿ.

ಕಾಫಿ ತೋಟ:
ಶಾಸನಸಭೆಯಲ್ಲಿ ಮೊದಲ ಸುತ್ತಿನಲ್ಲಿ ಲಿಂಕನ್ ಮುಂದಿದ್ದ, ಶೀಲ್ಡ್ಸ್‌ಗೆ 41 ಮತ, ಟ್ರಂಬುಲ್‌ಗೆ ಬರೀ 5. ಯಾರಿಗೂ ಬಹುಮತ ಇಲ್ಲ. ಸುತ್ತಿನ ಮೇಲೆ ಸುತ್ತು ನಡೀತು. ಡೆಮಾಕ್ರಟರು ಶೀಲ್ಡ್ಸ್‌ನ ಕೈಬಿಟ್ಟು ಗವರ್ನರ್ ಮ್ಯಾಟಿಸನ್ ಕಡೆ ವಾಲಿದರು. ಮ್ಯಾಟಿಸನ್ ಗೆದ್ದೇಬಿಡ್ತಾನೆ ಅನ್ನುವಾಗ ಲಿಂಕನ್ ತನ್ನವರ ಮತ ಟ್ರಂಬುಲ್‌ಗೆ ಹಾಕಿಸಿದ. 10ನೇ ಸುತ್ತಿನಲ್ಲಿ 51 ಮತ ಪಡೆದು ಟ್ರಂಬುಲ್ ಸೆನೆಟರ್. ಮೇರಿ ಲಿಂಕನ್‌ಗೆ ಜೂಲಿಯಾ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಆ ಗೆಳೆತನ ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ.

ಕುಡ್ಲದ ಕಡಲು:
ನನಗೆ ವಕೀಲನಾಗಿ ಹೆಚ್ಚು ಕುತೂಹಲ 1849ರ ಪ್ರಕರಣದಲ್ಲಿ. ಶರಾವತಿಯವರೇ, ನಿಮ್ಮ ಪೌರತ್ವದ ಮಾತಿಗೂ ಇದಕ್ಕೂ ನೇರ ಸಂಬಂಧ ಉಂಟು.

ಇಲಿನಾಯ್ ಶಾಸನಸಭೆ ಹಾಲಿ ಸೆನೆಟರ್ ಸಿಡ್ನಿ ಬ್ರೀಸ್‌ನನ್ನು ಕೈಬಿಟ್ಟು ಶೀಲ್ಡ್ಸ್‌ನನ್ನು ಆರಿಸಿತು. ಆದರೆ ಶೀಲ್ಡ್ಸ್‌ಗೆ ಪೌರತ್ವ ಸಿಕ್ಕಿದ್ದು 1840ರ ಅಕ್ಟೋಬರ್ 21ಕ್ಕೆ. 9 ವರ್ಷ ತುಂಬಲಿಕ್ಕೆ ಇನ್ನೂ ಏಳು ತಿಂಗಳು ಬಾಕಿ. ಶಾಸಕನಾಗಿದ್ದಾನೆ, ನ್ಯಾಯಮೂರ್ತಿಯಾಗಿದ್ದಾನೆ, ಎದೆಗೆ ಗುಂಡು ತಿಂದಿದ್ದಾನೆ. ಆದರೂ ತಾರೀಕು ಅಂದರೆ ತಾರೀಕು. ಶೀಲ್ಡ್ಸ್ ರಾಜೀನಾಮೆ ಕೊಡ್ತೇನೆ ಅಂದ. ಸೆನೆಟ್ ಸುಮ್ಮನೆ ಅದನ್ನು ಸ್ವೀಕರಿಸಲಿಲ್ಲ, ಯಾಕಂದ್ರೆ ಸ್ವೀಕರಿಸಿದರೆ ಆತ ಸೆನೆಟರ್ ಆಗಿದ್ದ ಅಂತ ಒಪ್ಪಿದ ಹಾಗಾಗ್ತದೆ. ಮಾರ್ಚ್ ತಿಂಗಳಲ್ಲಿ ಆಯ್ಕೆಯನ್ನೇ ಅಸಿಂಧು ಅಂತ ತೀರ್ಮಾನ ಮಾಡಿತು. ಇಲಿನಾಯ್‌ನಲ್ಲಿ ಅಕ್ಟೋಬರ್‌ನಲ್ಲಿ ವಿಶೇಷ ಅಧಿವೇಶನ ಕರೆದರು, ಅಷ್ಟರಲ್ಲಿ 9 ವರ್ಷ ತುಂಬಿತ್ತು, ಅದೇ ಮನುಷ್ಯನನ್ನು ಮತ್ತೆ ಆರಿಸಿ ಕಳಿಸಿದರು!

ಇದಕ್ಕೆ ಮೊದಲೂ ಹೀಗಾಗಿತ್ತು. 1794ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಆಲ್ಬರ್ಟ್ ಗ್ಯಾಲಟಿನ್‌ನನ್ನು ಇದೇ 9 ವರ್ಷದ ಕಾರಣಕ್ಕೆ ಸೆನೆಟ್‌ನಿಂದ ಹೊರಗೆ ಹಾಕಿದ್ದರು. ಆತ ಆಮೇಲೆ ಖಜಾನೆ ಮಂತ್ರಿಯಾದ.

ಹಳೇ ಸಂತೆ:
ಇದರಲ್ಲಿ ಶೀಲ್ಡ್ಸ್‌ನ ತಪ್ಪನ್ನೂ ಹೇಳಬೇಕು. ಪೌರತ್ವದ ವಿಷಯ ಎತ್ತಿದ ಬ್ರೀಸ್‌ಗೆ ಆತ ಬೆದರಿಕೆಯ ಧಾಟಿಯಲ್ಲಿ ಪತ್ರ ಬರೆದ, ಅದು ಬಯಲಿಗೆ ಬಂದು ಮುಖಭಂಗವಾಯಿತು. ಕೋಪ ಮೂಗಿನ ತುದಿಯಲ್ಲೇ ಇತ್ತು. 1842ರಲ್ಲೂ ಅದೇ, 1849ರಲ್ಲೂ ಅದೇ.

ಶರಾವತಿ ಹೊಳೆ:
ಇದನ್ನು ಓದುವಾಗ ನನ್ನ ಹೊಟ್ಟೆಯಲ್ಲಿ ಒಂಥರಾ ಆಯ್ತು. ನನ್ನ ಅರ್ಜಿಯೂ ಒಂದು ತಾರೀಕಿನ ತಪ್ಪಿನಿಂದ ಎಂಟು ತಿಂಗಳು ಹಿಂದೆ ಬಿತ್ತು. ಹದಿನಾರು ವರ್ಷದಿಂದ ಇಲ್ಲೇ ದುಡಿದು ತೆರಿಗೆ ಕಟ್ಟಿದ್ದೀನಿ, ಮಕ್ಕಳು ಇಲ್ಲೇ ಹುಟ್ಟಿದ್ದಾರೆ, ಆದರೂ ಆ ಎಂಟು ತಿಂಗಳು ಪ್ರತಿ ದಿನ ಅಂಚೆ ಡಬ್ಬಿ ನೋಡ್ತಿದ್ದೆ. ಶೀಲ್ಡ್ಸ್ ಸಿಟ್ಟಿನಿಂದ ಬರೆದ ಪತ್ರವನ್ನು ಸಮರ್ಥಿಸಲ್ಲ, ಆದರೆ ಆ ಸಿಟ್ಟು ಎಲ್ಲಿಂದ ಬಂತು ಅನ್ನೋದು ನನಗೆ ಅರ್ಥ ಆಗುತ್ತೆ.

ಧಾರವಾಡ ಫೇಡೆ:
ಅಕ್ಕಾರ, ನಿಮ್ಮ ಸಂಕಟ ತಿಳೀತದ. ಅದರ ಸಂಗಡ ಒಂದು ಮಾತು ಕೇಳ್ರಿ. 1854ರಾಗ ಕ್ಯಾನ್ಸಸ್-ನೆಬ್ರಾಸ್ಕಾ ಕಾಯ್ದೆಗೆ ಈ ಶೀಲ್ಡ್ಸ್ ಪರ ನಿಂತ. ಆ ಕಾಯ್ದೆ ಏನ್ ಮಾಡ್ತು? 1820ರಿಂದ ಗುಲಾಮಗಿರಿ ಬರಬಾರದು ಅಂತ ಗೆರಿ ಎಳೆದಿದ್ದ ನೆಲದಾಗ, ಅಲ್ಲಿ ನೆಲಸಿದವರು ಮತ ಹಾಕಿ ಗುಲಾಮಗಿರಿ ಬೇಕೋ ಬ್ಯಾಡೋ ತೀರ್ಮಾನ ಮಾಡ್ಲಿ ಅಂತು. ಸ್ವಾತಂತ್ರ್ಯ ಹುಡಕ್ಕೋತ ಸಮುದ್ರ ದಾಟಿ ಬಂದಾಂವ ಇನ್ನೊಬ್ಬರ ಸರಪಳಿಗೆ ಕೈ ಎತ್ತಿದ. ಇದಕ್ಕ ಏನ್ ಹೇಳ್ತೀರಿ?

ಕಾಫಿ ತೋಟ:
ಇದಕ್ಕೆ ಉತ್ತರ ಇಲ್ಲ ಫೇಡೆಯವರೇ, ನೀವು ಹೇಳಿದ್ದು ಸರಿ. ಇಲಿನಾಯ್‌ನ ಇನ್ನೊಬ್ಬ ಸೆನೆಟರ್ ಸ್ಟೀಫನ್ ಡಗ್ಲಸ್ ಆ ಮಸೂದೆ ತಂದವನು, ಶೀಲ್ಡ್ಸ್ ಅವನ ಹಿಂದೆ ಹೋದ. ನಾಲ್ಕು ವರ್ಷದ ಹಿಂದೆ, 1850ರಲ್ಲಿ, ಕ್ಯಾಲಿಫೋರ್ನಿಯಾವನ್ನು ಗುಲಾಮಗಿರಿ ಇಲ್ಲದ ರಾಜ್ಯವಾಗಿ ಸೇರಿಸಿಕೊಳ್ಳಿ ಅಂತ ಮಾತಾಡಿದ್ದವನೇ ಇವನು. ಆಮೇಲೆ ಪಕ್ಷದ ಗೆರೆ ದಾಟಲಿಲ್ಲ. ಆ ಮತವೇ ಅವನ ಇಲಿನಾಯ್ ರಾಜಕೀಯವನ್ನು ಮುಗಿಸಿತು.

ಬೆಲ್‌ಫಾಸ್ಟ್ ಭಟ್ಟ:
ಮುಗಿಸಿದ್ದು ಆ ಮತ ಒಂದೇ ಅಲ್ಲ. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ "ನೋ ನಥಿಂಗ್" ಎಂದು ಕರೆಸಿಕೊಂಡ ಪಕ್ಷ ಎದ್ದಿತ್ತು. ಕ್ಯಾಥೊಲಿಕರು, ಐರಿಷರು, ಜರ್ಮನ್ನರು ಯಾರೂ ಬೇಡ, ಪೌರತ್ವಕ್ಕೆ 21 ವರ್ಷ ಕಾಯಿಸಿ ಎನ್ನುತ್ತಿದ್ದರು. 1845ರ ಆಲೂಗೆಡ್ಡೆ ಬರಗಾಲದ ನಂತರ ಹಸಿದು ಬಂದ ಲಕ್ಷಾಂತರ ಐರಿಷರ ಮೇಲೆ ಆ ಕೋಪ.

ಧಾರವಾಡ ಫೇಡೆ:
ಒಪ್ಪಿದೆ ಭಟ್ರ. ಆದ್ರ ತಾನು ತುಳಿಸಿಕೊಂಡಾಂವ ಅಂತ ಇನ್ನೊಬ್ಬರನ್ನ ತುಳಿಯೋದಕ್ಕ ಮಾಫಿ ಸಿಗೂದಿಲ್ಲ.

ಮಂಜಿನೂರು:
ನಾನು ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಇದ್ದೀನಿ, ಇವತ್ತು ಹೊರಗೆ ಮೊಳಕಾಲುದ್ದ ಹಿಮ. ಇಲ್ಲಿಯ ವಿಧಾನಸಭೆ ಕಟ್ಟಡದಲ್ಲೂ ಶೀಲ್ಡ್ಸ್ ಪ್ರತಿಮೆ ಇದೆ, 1914ರದ್ದು. "ಸೋತ, ಓಡಿ ಬಂದ" ಅಂತ ಮೊದಲ ಉತ್ತರದಲ್ಲೇ ಬರೆದಿದ್ದೀರಿ, ಅದಕ್ಕೆ ಹೇಳಬೇಕನ್ನಿಸ್ತು.

1855ರಲ್ಲಿ ಇದು ಇನ್ನೂ ರಾಜ್ಯ ಆಗಿರಲಿಲ್ಲ. ಸೆನೆಟ್ ಸ್ಥಾನ ಅನ್ನೋದೇ ಇರಲಿಲ್ಲ. ಈತ ರೈಸ್ ಕೌಂಟಿಗೆ ಬಂದು ಜಮೀನು ನೋಡಿ, ಪೂರ್ವದ ಊರುಗಳಲ್ಲಿ ಕೂಲಿ ಮಾಡ್ತಿದ್ದ ಐರಿಷ್ ಕುಟುಂಬಗಳನ್ನು ಕರೆಸಿ ನೆಲೆ ನಿಲ್ಲಿಸಿದ. ಆ ಊರಿನ ಹೆಸರು ಇವತ್ತಿಗೂ ಶೀಲ್ಡ್ಸ್‌ವಿಲ್. ನಾನು ಎರಡು ಸಲ ಹೋಗಿದ್ದೀನಿ, ಕೆರೆ ಪಕ್ಕದ ಸಣ್ಣ ಊರು, ಚರ್ಚು, ಜೋಳದ ಹೊಲ. ಪಕ್ಕದ ಫ್ಯಾರಿಬೋ ಪಟ್ಟಣ ಕಟ್ಟುವುದರಲ್ಲೂ ಅವನ ಪಾಲಿತ್ತು. ಜಮೀನಿನಿಂದ ಲಾಭ ಬಯಸಿದ್ದನೇ? ಹೌದು, ಬಯಸಿದ್ದ. ಜೊತೆಗೆ ನೂರಾರು ಜನರಿಗೆ ಸ್ವಂತ ಹೊಲ ಸಿಕ್ಕಿತು. ಗುತ್ತಿಗೆ ಗೇಣಿಯಲ್ಲಿ ನವೆದ ಐರಿಷ್ ರೈತನಿಗೆ ಸ್ವಂತ ಹೊಲ ಅಂದರೆ ಏನು ಅನ್ನೋದು ಉಳುವವನೇ ಹೊಲದೊಡೆಯ ಅಂತ ಕೇಳಿ ಬೆಳೆದ ನಮಗೆ ಹೇಳಿಕೊಡಬೇಕಿಲ್ಲ.

1858ರ ಮೇ 11ಕ್ಕೆ ಮಿನೆಸೋಟಾ ರಾಜ್ಯವಾಯ್ತು. ಹೊಸ ರಾಜ್ಯದ ಇಬ್ಬರು ಸೆನೆಟರ್‌ಗಳಲ್ಲಿ ಯಾರಿಗೆ ಎಷ್ಟು ಅವಧಿ ಅಂತ ಚೀಟಿ ಎತ್ತುತ್ತಾರೆ. ಹೆನ್ರಿ ರೈಸ್‌ಗೆ ದೊಡ್ಡ ಅವಧಿ, ಶೀಲ್ಡ್ಸ್‌ಗೆ 1859ರ ಮಾರ್ಚ್‌ವರೆಗೆ ಮಾತ್ರ. ಹತ್ತು ತಿಂಗಳೂ ಇಲ್ಲ. ಅಷ್ಟರಲ್ಲಿ ರಾಜ್ಯ ರಿಪಬ್ಲಿಕನ್ನರ ಕೈಗೆ ಹೋಯ್ತು.

ಅರ್ಧ ಮಾತು:
ಚೀಟಿ ಎತ್ತಿ ಸೆನೆಟ್ ಅವಧಿ ತೀರ್ಮಾನ ಮಾಡ್ತಾರೆ ಅಂತ ಇವತ್ತೇ ಗೊತ್ತಾಗಿದ್ದು.

ಕುಡ್ಲದ ಕಡಲು:
ಐರಿಷ್ ವಕೀಲರ ಸಾಲೇ ಉಂಟು. ಸ್ಲೈಗೋದಿಂದ ಬಂದ ಬೋರ್ಕ್ ಕಾಕ್ರನ್ ನ್ಯೂಯಾರ್ಕಿನಲ್ಲಿ ವಕೀಲನಾಗಿ ಕಾಂಗ್ರೆಸ್ ಸದಸ್ಯನಾದ, ಅವನ ಭಾಷಣದಿಂದ ತಾನು ಕಲಿತೆ ಅಂತ ಚರ್ಚಿಲ್ಲೇ ಹೇಳಿದ್ದಾನೆ. ಮೊನಹನ್ ಊರಿನ ಚಾರ್ಲ್ಸ್ ಗೇವನ್ ಡಫಿ ಆಸ್ಟ್ರೇಲಿಯಕ್ಕೆ ಹೋಗಿ 1871ರಲ್ಲಿ ವಿಕ್ಟೋರಿಯಾದ ಪ್ರೀಮಿಯರ್ ಆದ. ಆದರೂ ಶೀಲ್ಡ್ಸ್ ಹಾಗೆ ಮೂರು ಕಡೆ ಆರಿಸಿ ಬಂದವರು ಇಲ್ಲ.

ಧಾರವಾಡ ಫೇಡೆ:
ಮಂಜಿನೂರು ಅವ್ರು ಹೇಳಿದ್ದು ಕೇಳಿದ ಮ್ಯಾಲೆ ಮಿನೆಸೋಟಾದ ಮಟ್ಟಿಗೆ ನನ್ನ ಮಾತು ಹಿಂದ ತಗೋತೀನಿ. ರಾಜ್ಯನ ಇಲ್ಲದ ಕಡೆ ಕುರ್ಚಿ ಹುಡುಕಿ ಯಾರೂ ಹೋಗೂದಿಲ್ಲ. ಅಂತರ್ಯುದ್ಧದಾಗೂ ಒಳ್ಳೇ ಕೆಲಸ ಮಾಡ್ಯಾನ. ದಕ್ಷಿಣದ ಸೈನ್ಯದ ಹೆಸರಾಂತ ಜನರಲ್ ಸ್ಟೋನ್‌ವಾಲ್ ಜ್ಯಾಕ್ಸನ್‌ನ್ನ ಸೋಲಿಸಿದಾಂವ ಇವನ.

ಹಳೇ ಸಂತೆ:
ಅಲ್ಲಿಯೂ ಸ್ವಲ್ಪ ತಾಳಿ. 1862ರ ಮಾರ್ಚ್ 23ರ ಕರ್ನ್ಸ್‌ಟೌನ್ ಕಾಳಗದಲ್ಲಿ ಜ್ಯಾಕ್ಸನ್‌ನನ್ನು ಹಿಮ್ಮೆಟ್ಟಿಸಿದ್ದು ಶೀಲ್ಡ್ಸ್‌ನ ಪಡೆ. ಆದರೆ ಶೀಲ್ಡ್ಸ್ ಹಿಂದಿನ ದಿನವೇ ಶೆಲ್ ಬಡಿದು ಹಾಸಿಗೆ ಹಿಡಿದಿದ್ದ. ರಣರಂಗದಲ್ಲಿ ಪಡೆ ನಡೆಸಿದವನು ಕರ್ನಲ್ ನೇಥನ್ ಕಿಂಬಲ್. ಜೂನ್‌ನಲ್ಲಿ ಪೋರ್ಟ್ ರಿಪಬ್ಲಿಕ್‌ನಲ್ಲಿ ಇದೇ ಪಡೆಯ ಒಂದು ಭಾಗ ಜ್ಯಾಕ್ಸನ್‌ಗೆ ಸೋತಿತು. ಮೇಜರ್ ಜನರಲ್ ಬಡ್ತಿ ಕೈಗೆ ಬರಲಿಲ್ಲ, 1863ರಲ್ಲಿ ರಾಜೀನಾಮೆ. ನನಗೆ ಮುಖ್ಯ ಅನ್ನಿಸುವುದು ಬೇರೆ: 1861ರಲ್ಲಿ ಶೀಲ್ಡ್ಸ್‌ಗೆ ಬ್ರಿಗೇಡಿಯರ್ ಜನರಲ್ ಹುದ್ದೆ ಕೊಟ್ಟ ಅಧ್ಯಕ್ಷ ಲಿಂಕನ್. ಹಲಗೆಯ ಎರಡು ಬದಿಗೆ ನಿಲ್ಲಬೇಕಿದ್ದವರು!

ಮಂಜಿನೂರು:
ಮಿಸೌರಿ ಕತೆ ಯಾರೂ ಹೇಳಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಮನಸ್ಸು ಕಲಕೋದು. 1866ರ ಹೊತ್ತಿಗೆ ಕ್ಯಾರಲ್ಟನ್ ಊರಲ್ಲಿ ಜಮೀನು ಮಾಡಿಕೊಂಡು ನೆಲೆ ನಿಂತ. ಹಣ ಇರಲಿಲ್ಲ, ಊರೂರಿಗೆ ಹೋಗಿ ಉಪನ್ಯಾಸ ಕೊಡ್ತಿದ್ದ. 1874ರಲ್ಲಿ ಮಿಸೌರಿ ಶಾಸನಸಭೆಗೆ ಆರಿಸಿ ಬಂದ. 1878ರಲ್ಲಿ ವಾಷಿಂಗ್ಟನ್‌ನ ಪ್ರತಿನಿಧಿ ಸಭೆಯ ಡೋರ್‌ಕೀಪರ್ ಹುದ್ದೆಗೆ ಅವನ ಹೆಸರು ಎತ್ತಿದರು. ಎದೆಯಲ್ಲಿ ಗುಂಡಿನ ಗುರುತು ಇದ್ದ ಮುದುಕನಿಗೆ ಅದೂ ಸಿಗಲಿಲ್ಲ, ದಕ್ಷಿಣದ ಸೈನ್ಯದಲ್ಲಿ ಜನರಲ್ ಆಗಿದ್ದ ಚಾರ್ಲ್ಸ್ ಫೀಲ್ಡ್‌ಗೆ ಹೋಯ್ತು.

ವರ್ಷ ತುಂಬುವ ಮೊದಲೇ ಮಿಸೌರಿಯ ಸೆನೆಟರ್ ಲೂಯಿಸ್ ಬೋಗಿ ತೀರಿಕೊಂಡಿದ್ದರಿಂದ ಖಾಲಿಯಾಗಿದ್ದ ಸ್ಥಾನಕ್ಕೆ ಶಾಸನಸಭೆ ಶೀಲ್ಡ್ಸ್‌ನನ್ನು ಆರಿಸಿತು. ಉಳಿದಿದ್ದು ಐದು ವಾರ. 1879ರ ಜನವರಿ ಕೊನೆಯಿಂದ ಮಾರ್ಚ್ 3ರವರೆಗೆ. ಡೋರ್‌ಕೀಪರ್ ಕೆಲಸ ಸಿಗದ ಕಟ್ಟಡದೊಳಗೆ ಸೆನೆಟರ್ ಆಗಿ ಹೋದ. ಮುಂದಿನ ಅವಧಿ ಕೇಳಲಿಲ್ಲ. ಅದೇ ಜೂನ್ 1ಕ್ಕೆ ಉಪನ್ಯಾಸದ ಪ್ರವಾಸದಲ್ಲಿ ಅಯೋವಾದ ಒಟ್ಟಮ್ವದಲ್ಲಿ ತೀರಿಹೋದ.

ಧಾರವಾಡ ಫೇಡೆ:
ಐದು ವಾರದ ಕುರ್ಚಿ ಅಂದ್ರ ಅದು ಸನ್ಮಾನ, ಅಧಿಕಾರ ಅಲ್ಲ. ಶಾಲು ಹೊದಿಸಿದಂಗ. ನೆಬ್ರಾಸ್ಕಾದ ಮತ ಮಾತ್ರ ನಾ ಮರೆಯಂಗಿಲ್ಲ.

ಶರಾವತಿ ಹೊಳೆ:
ಮರೆಯೋದು ಬೇಡ. ನಾನೂ ಮಗಳಿಗೆ ಹೇಳುವಾಗ ಆ ಮತವನ್ನು ಸೇರಿಸಿಯೇ ಹೇಳ್ತೀನಿ. ಆದರೆ "ಅವಕಾಶವಾದಿ" ಅನ್ನೋ ಪದ ಇನ್ನು ಬಳಸಲ್ಲ. ಮೂರು ರಾಜ್ಯ ಅಂದಾಗ ಮೂರು ಸಲ ಕುರ್ಚಿ ಬೇಟೆ ಅಂದುಕೊಂಡಿದ್ದೆ. ಈಗ ನೋಡಿದರೆ ಒಂದು ಕಡೆ ತಾರೀಕಿಗಾಗಿ ಹೊರಗೆ ಹಾಕಿಸಿಕೊಂಡು ಆರು ವರ್ಷದ ಹತ್ತಿರ, ಒಂದು ಕಡೆ ಚೀಟಿಯಲ್ಲಿ ಬಂದ ಹತ್ತು ತಿಂಗಳು, ಒಂದು ಕಡೆ ಐದು ವಾರ.

ಬೇಸಿಗೆ ರಜೆಯಲ್ಲಿ ಕ್ಯಾರಲ್ಟನ್‌ಗೆ ಹೋಗಿ ಬರಬೇಕು ಅಂತ ಮನೆಯಲ್ಲಿ ಮಾತಾಡಿದ್ವಿ. ದಾರಿಯಲ್ಲಿ ಆಲ್ಟನ್‌ನಲ್ಲಿ ನಿಂತು ನದಿ ನೋಡ್ತೀವಿ. ಕ್ಯಾರಲ್ಟನ್‌ನಲ್ಲಿ ನೋಡುವಂಥದ್ದು ಏನಿದೆ?

ಮಂಜಿನೂರು:
ಸೇಂಟ್ ಮೇರಿ ಸ್ಮಶಾನದಲ್ಲಿ ಅವನ ಸಮಾಧಿ. ಬಹಳ ವರ್ಷ ಅದರ ಮೇಲೆ ದೊಡ್ಡ ಗುರುತೇನೂ ಇರಲಿಲ್ಲ, 1910ರಲ್ಲಿ ಸ್ಮಾರಕ ನಿಲ್ಲಿಸಿದರು.

ಕಾಫಿ ತೋಟ:
ಹೊರಡೋ ಮೊದಲು ವಾಷಿಂಗ್ಟನ್‌ನಲ್ಲಿ ತೆಗೆದ ಫೋಟೋ ಇನ್ನೊಮ್ಮೆ ನೋಡಿ. ಆ ಶೀಲ್ಡ್ಸ್ ಪ್ರತಿಮೆ 1893ರದ್ದು, ಮಾಡಿದ ಶಿಲ್ಪಿ ಲೆನಾರ್ಡ್ ವೋಕ್. 1860ರಲ್ಲಿ ಲಿಂಕನ್ ಮುಖಕ್ಕೆ ಗಾರೆ ಹಚ್ಚಿ ಅಚ್ಚು ತೆಗೆದವನೂ ಅದೇ ವೋಕ್.

ಶರಾವತಿ ಹೊಳೆ:
ಫೋಟೋ ತೆಗೆದು ಮಗಳಿಗೆ ತೋರಿಸಿದೆ. "ಹಾಗಾದ್ರೆ ಲಿಂಕನ್‌ನ ಮುಟ್ಟಿದ ಕೈ ಇವನನ್ನೂ ಮುಟ್ಟಿದೆ" ಅಂದಳು. ಈಗ ಆ ಅಚ್ಚು ಎಲ್ಲಿದೆ ಅಂತ ಹುಡುಕ್ತಾ ಕೂತಿದ್ದಾಳೆ.